ಹಳದಿ ಕಾರಿನ ಪಕ್ಕದ ಸೀಟು

ಐವತ್ತೆರಡನೆಯ ವಯಸ್ಸಿನಲ್ಲಿ ಇಂದುಮತಿಗೆ ಮೊದಲ ಬಾರಿಗೆ ತನಗಾಗಿ ಒಂದು ವಸ್ತು ಬೇಕೇಬೇಕು ಅನ್ನಿಸಿತು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ, ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು.

ಇಂದುಮತಿ ಹುಬ್ಬಳ್ಳಿಯ ಒಂದು ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಗಂಡ ಮುರುಗೇಶ ತೀರಿಹೋಗಿ ಮೂರು ವರ್ಷವಾಗಿತ್ತು. ಮಗಳು ಮದುವೆಯಾಗಿ ಸೋಲಾಪುರದಲ್ಲಿದ್ದಳು. ಮನೆಯಲ್ಲಿ ಇಂದುಮತಿ ಮತ್ತು ಅತ್ತೆ ನೀಲಗಂಗವ್ವ, ಇಬ್ಬರೇ.

ಗಂಡ ಇರುವವರೆಗೂ ಇಂದುಮತಿ ಕಾರಿನ ಎಡಗಡೆ ಸೀಟಿನಲ್ಲಿ ಕೂತವಳು. ಎಲ್ಲಿಗೆ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂಬುದೆಲ್ಲ ಅವನದೇ ತೀರ್ಮಾನ. ಅವನು ಹೋದ ಮೇಲೆ ಡ್ರೈವಿಂಗ್ ಶಾಲೆಗೆ ಸೇರಿ, ಹದಿನೆಂಟರ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು, ಕಾರು ಓಡಿಸುವುದನ್ನು ಕಲಿತಳು. ಗಂಡನ ಹಳೆಯ ಕಾರನ್ನೇ ದಿನಾ ಓಡಿಸುತ್ತಿದ್ದಳು. ಈಗ ಅದು ವಾರಕ್ಕೊಮ್ಮೆ ಗ್ಯಾರೇಜು ಸೇರತೊಡಗಿತ್ತು. ಹೊಸದು ತೆಗೆದುಕೊಳ್ಳದೆ ಗತ್ಯಂತರವಿರಲಿಲ್ಲ.

ಶೋರೂಮಿಗೆ ಹೋದಾಗ ಮೂಲೆಯಲ್ಲಿ ಆ ಹಳದಿ ಕಾರು ಕಂಡಿತು. ಇಂದುಮತಿ ಹೋಗಿ ಅದರಲ್ಲಿ ಕೂತಳು. ಸ್ಟೇರಿಂಗ್ ಹಿಡಿದಳು. ಇಳಿಯಲು ಮನಸ್ಸಾಗಲಿಲ್ಲ.

"ಮೇಡಮ್, ಅದು ಹುಡುಗ್ರು ಓಡಿಸೂ ಗಾಡಿರಿ," ಎಂದು ಸೇಲ್ಸ್‌ಮನ್ ನಕ್ಕ. "ನಿಮಗ ಈ ಕಡೆ ತೋರಸ್ತೀನಿ, ಬರ್ರಿ."

ಆ ನಗು ಅವಳನ್ನು ಚುಚ್ಚಿತು. ಸುದ್ದಿ ತಿಳಿದು ಮೈದುನ ಫೋನ್ ಮಾಡಿದ. "ವೈನಿ, ಈ ವಯಸ್ಸಿನ್ಯಾಗ ಇದೇನ ಹುಚ್ಚು? ಮಂದಿ ಏನಂದಾರು?" ಅಂದ. ಅಲ್ಲಿಯವರೆಗೆ ಬೇಕೋ ಬೇಡವೋ ಎಂದು ತೂಗುತ್ತಿದ್ದವಳು, ಫೋನ್ ಇಟ್ಟ ಕೂಡಲೇ ಬೇಕೇ ಬೇಕು ಎಂದುಕೊಂಡಳು. ಬ್ಯಾಂಕಿನಲ್ಲಿ ಅವಳ ದುಡಿಮೆಯ ದುಡ್ಡಿತ್ತು. ಯಾರ ಮುಂದೆಯೂ ಕೈಯೊಡ್ಡಬೇಕಾಗಿರಲಿಲ್ಲ.

ನೀಲಗಂಗವ್ವ ಮಾತ್ರ ತಕರಾರು ಮಾಡಲಿಲ್ಲ. "ತಗೋ. ನಿನ್ನ ರೊಕ್ಕ, ನಿನ್ನ ಮನಸು," ಅಂದಳು.

ಆದರೂ ಇಂದುಮತಿಯ ಗೆಳತಿ ಉಜ್ವಲಾ ಒಂದು ಮಾತು ಹೇಳಿದಳು. "ಅಂಥಾದ್ದ ಒಂದು ಕಾರು ನಮ್ಮ ತಮ್ಮ ಅಭಿನಂದನನ ಹತ್ರ ಐತಿ. ಅವ ಒಂದು ವಾರ ಊರಾಗ ಇರೂದಿಲ್ಲ. ಕೀಲಿ ಕೊಡಸ್ತೀನಿ. ದಿನಾ ಕಾಲೇಜಿಗೆ ತಗೊಂಡ ಹೋಗು. ಆಮ್ಯಾಲ ಬೇಕೋ ಬ್ಯಾಡೋ ನೀನ ಹೇಳು."

ಅಭಿನಂದನ ಸಂತೋಷದಿಂದಲೇ ಕೀಲಿ ಕೊಟ್ಟ.

ನೀಲಗಂಗವ್ವನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಮಗ ಹೋದ ಮೇಲೆ ಆ ಮುದುಕಿ ಆರು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಕಡೆಗೆ ಅವಳನ್ನು ಎಬ್ಬಿಸಿದ್ದು ಸೂಜಿ ದಾರ. ನವನಗರದಲ್ಲಿ ಖೈರುನ್ನೀಸಾ ಎಂಬಾಕೆ ಹೆಂಗಸರನ್ನು ಕೂಡಿಸಿಕೊಂಡು ಹಳೆಯ ಸೀರೆಗಳಿಂದ ಹೊದೆಯುವ ಕೌದಿ ಹೊಲಿಸುತ್ತಿದ್ದಳು. ನೀಲಗಂಗವ್ವ ಒಂದು ದಿನ ನೋಡಲು ಹೋದವಳು ಅಲ್ಲೇ ಕೂತಳು. ಅಂದಿನಿಂದ ಇಂದುಮತಿ ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಅತ್ತೆಯನ್ನು ನವನಗರದಲ್ಲಿ ಇಳಿಸುತ್ತಿದ್ದಳು, ಸಂಜೆ ಬರುವಾಗ ಹತ್ತಿಸಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ಮುದುಕಿ ಯಾರ ಕೌದಿಗೆ ಯಾರ ಸೀರೆ ಬಿತ್ತು ಅಂತ ಹೇಳುತ್ತಿದ್ದಳು.

ಸೋಮವಾರ ಇಬ್ಬರೂ ಹಳದಿ ಕಾರಿನಲ್ಲಿ ಹೊರಟರು. ನೀಲಗಂಗವ್ವ ಬಾಗಿಲು ಹಿಡಿದು, ಬೆನ್ನು ಬಗ್ಗಿಸಿ, ತಲೆ ಒಳಗೆ ಹಾಕಿ, ಧೊಪ್ಪನೆ ಸೀಟಿನ ಮೇಲೆ ಬಿದ್ದಳು.

"ಅಯ್ಯ ಇವನ! ನೆಲದ ಮ್ಯಾಲ ಕುಂತಂಗಾತಲ್ಲ!" ಎಂದು ನಕ್ಕಳು.

ನವನಗರದಲ್ಲಿ ಅವಳನ್ನು ಹೊರಗೆ ತೆಗೆಯಲು ಖೈರುನ್ನೀಸಾ ಮತ್ತು ಇನ್ನೊಬ್ಬಾಕೆ ಎರಡೂ ಕೈ ಹಿಡಿದು ಎಳೆಯಬೇಕಾಯಿತು. ಮೂವರೂ ನಗುತ್ತಿದ್ದರು. ನೀಲಗಂಗವ್ವನ ಒಂದು ಕೈ ಮೊಣಕಾಲು ಒತ್ತಿ ಹಿಡಿದಿತ್ತು. ಇಂದುಮತಿ ನಗುವನ್ನಷ್ಟೇ ನೋಡಿ ಮುಂದೆ ಹೋದಳು.

ಮಂಗಳವಾರ ಬೆಳಿಗ್ಗೆ ಅತ್ತೆ ತಯಾರಾಗಿರಲಿಲ್ಲ. "ಈ ವಾರ ಕೌದಿಗೆ ಸೂಟಿ. ಖೈರುನ್ನೀಸಾನ ಮನ್ಯಾಗ ಮದುವಿ ಐತಂತ," ಅಂದಳು.

"ಹೌದಾ?" ಎಂದು ಇಂದುಮತಿ ಕೀಲಿ ತೆಗೆದುಕೊಂಡಳು. ಆ ಕ್ಷಣ ಅವಳಿಗೆ ಹಗುರವೆನ್ನಿಸಿತು. ನಿಧಾನಕ್ಕೆ ಹತ್ತಿಸಬೇಕಿಲ್ಲ, ಎಳೆದು ಇಳಿಸಬೇಕಿಲ್ಲ. ಹಾಗೆ ಅನ್ನಿಸಿದ್ದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು. ಆದರೆ ಅದು ಆಮೇಲೆ.

ಆ ವಾರ ಇಂದುಮತಿ ಹುಡುಗಿಯಂತಾದಳು. ಕಾಲೇಜಿನ ವಿದ್ಯಾರ್ಥಿನಿಯರು ಕಾರಿನ ಸುತ್ತ ನಿಂತು ಸೆಲ್ಫಿ ತೆಗೆದುಕೊಂಡರು. ಸಿಗ್ನಲ್ಲಿನಲ್ಲಿ ಬೈಕಿನವರು ತಿರುತಿರುಗಿ ನೋಡಿದರು. ರಸ್ತೆಯ ಕಥೆಯೇ ಬೇರೆ. ಹುಬ್ಬಳ್ಳಿ-ಧಾರವಾಡದ ದಟ್ಟಣೆಯಲ್ಲಿ ಆ ಕಾರಿಗೆ ಓಡಲು ಜಾಗವೇ ಇರಲಿಲ್ಲ. ರಸ್ತೆಯ ಪ್ರತಿ ಉಬ್ಬಿನಲ್ಲೂ ಕಾರಿನ ಹೊಟ್ಟೆ ತಾಗಿ ಕರ್ರ್ ಅನ್ನುತ್ತಿತ್ತು. ಪಕ್ಕದಲ್ಲಿ ಬಸ್ಸಿಗೆಂದೇ ಬಿಟ್ಟ ದಾರಿಯಲ್ಲಿ ಬಸ್ಸು ಸರ್ರನೆ ಮುಂದೆ ಹೋಗುತ್ತಿತ್ತು. ಅದನ್ನೆಲ್ಲ ಅವಳು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಗುರುವಾರ ಬೇಗ ಎದ್ದು ಕಾಲೇಜಿನ ದಾರಿ ಬಿಟ್ಟು ಹಳಿಯಾಳ ರಸ್ತೆಗೆ ಕಾರು ತಿರುಗಿಸಿದಳು. ಊರು ಮುಗಿಯಿತು. ಮರಗಳು ಶುರುವಾದವು. ರಸ್ತೆ ಖಾಲಿ. ಗಾಜು ಇಳಿಸಿದಳು. 'ನಿಧಾನ ಹೋಗು' ಅನ್ನುವವರಿಲ್ಲ, 'ಎಡಕ್ಕೆ ತಗೋ' ಅನ್ನುವವರಿಲ್ಲ. ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಅತ್ತಳು. ದುಃಖ ಎಷ್ಟೋ, ಸಂತೋಷ ಎಷ್ಟೋ, ಅವಳಿಗೇ ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು ಶೋರೂಮಿಗೆ ಫೋನ್ ಮಾಡಿ, "ಭಾನುವಾರ ಬಂದು ಬುಕ್ ಮಾಡತೀನಿ," ಅಂದಳು.

ಶುಕ್ರವಾರ ಸಂಜೆ ಮನೆಗೆ ಬರುವಾಗ ನವನಗರದ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಯಾರೋ ಗಾಜು ಬಡಿದರು. ನೋಡಿದರೆ ಖೈರುನ್ನೀಸಾ, ಬಗಲಲ್ಲಿ ಬಟ್ಟೆಯ ಗಂಟು.

"ಮೇಡಮ್ಮಾರ, ಅಜ್ಜಿಗೆ ಆರಾಮ ಇಲ್ಲೇನ್ರಿ?"

"ಆರಾಮ ಅದಾರಲ್ಲ. ನಿಮ್ಮನಿ ಮದುವಿ ಮುಗೀತೇನ್ರಿ?"

"ಯಾರ ಮದುವಿರಿ?" ಖೈರುನ್ನೀಸಾ ಕಣ್ಣು ಬಿಟ್ಟಳು. "ಕೆಲಸ ದಿನಾ ನಡದೈತ್ರಿ. ಬಾಣಂತಿ ಕೌದಿ ಒಂದು ಅರ್ಧಕ್ಕ ನಿಂತೈತಿ. ಅದರ ನಾಕೂ ಮೂಲಿ ನಾನ ಹೊಲಿತೀನಿ, ಯಾರೂ ಮುಟ್ಟಬ್ಯಾಡ್ರಿ ಅಂತ ಅಜ್ಜಿ ಅಂದಿದ್ರು. ಅದಕ್ಕ ಹಂಗ ಇಟ್ಟೀವ್ರಿ."

ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಇಂದುಮತಿ ಕಾರು ಬಿಟ್ಟಳು. ಮನೆ ಮುಟ್ಟುವವರೆಗೆ ಅವಳಿಗೆ ರಸ್ತೆಯೇ ಕಾಣಲಿಲ್ಲ.

ನೀಲಗಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಎರಡೂ ಕೈ ಖಾಲಿ, ಮಡಿಲಲ್ಲಿ ಮಲಗಿದ್ದವು. ಮಗ ಹೋದ ಹೊಸದರಲ್ಲಿ ಅವಳು ಹೀಗೆಯೇ ಕೂತಿರುತ್ತಿದ್ದಳು.

ಇಂದುಮತಿ ಪಕ್ಕದಲ್ಲಿ ಕೂತು, "ಅತ್ತಿ, ಯಾಕ ಸುಳ್ಳ ಹೇಳಿದ್ರಿ?" ಅಂದಳು.

ಮುದುಕಿ ಮೊಣಕಾಲು ನೀವಿಕೊಂಡಳು. "ಅದರಾಗ ಕುಂತರ ಏಳಾಕ ಆಗೂದಿಲ್ಲ, ಇಂದೂ. ಅವತ್ತ ಮೊಣಕಾಲು ಹಿಡದದ್ದು ಇನ್ನೂ ಬಿಟ್ಟಿಲ್ಲ."

"ನನಗ ಹೇಳಬಾರದೇನ್ರಿ?"

"ಏನಂತ ಹೇಳಲಿ? ಈ ಮನಿಗೆ ಬಂದು ಇಷ್ಟು ವರ್ಷಾತು, 'ನನಗ ಇದು ಬೇಕು' ಅಂತ ನೀ ಒಂದ ಸಲಾನೂ ಬಾಯಿ ಬಿಟ್ಟಾಕಿ ಅಲ್ಲ. ನನ್ನ ಮಗನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಬೇಕು ಅಂದಿ. ಅದಕ್ಕ ನಾ ಅಡ್ಡ ಬರಬೇಕೇನು?" ನೀಲಗಂಗವ್ವನ ಧ್ವನಿ ಗಟ್ಟಿಯಾಯಿತು. "ನೀ ಅದನ್ನ ತಗೋ. ಕಾಲು ಆರಾಮಾದ್ರ ನಾ ಬಸ್ಸಿಗೆ ಹೋಗತೀನಿ."

ಇಂದುಮತಿ ಅತ್ತೆಯ ಮೊಣಕಾಲಿನ ಮೇಲೆ ಕೈ ಇಟ್ಟಳು. "ನಿಮ್ಮ ಸಲುವಾಗಿ ಬಿಟ್ಟೆ ಅಂದ್ರ ನೀವು ಕೊರಗ್ತೀರಿ. ನಿಮ್ಮನ್ನ ಬಿಟ್ಟು ತಗೊಂಡ್ರ ನಾ ಕೊರಗ್ತೀನಿ. ಸ್ವಲ್ಪ ವಿಚಾರ ಮಾಡಾಕ ಬಿಡ್ರಿ," ಅಂದಳು.

ಶನಿವಾರ ಇಡೀ ದಿನ ಅವಳು ಅದನ್ನೇ ಯೋಚಿಸಿದಳು. ಈ ವಾರದಲ್ಲಿ ತನಗೆ ನಿಜವಾಗಿ ಹಿತವಾದದ್ದು ಯಾವುದು? ವೇಗವೇ? ಕಾಲೇಜಿನ ದಾರಿಯಲ್ಲಿ ವೇಗ ಸಿಕ್ಕಿಯೇ ಇರಲಿಲ್ಲ. ಜನ ನೋಡಿದ್ದೇ? ಮೊದಲೆರಡು ದಿನ ಹಿತವಾಗಿತ್ತು, ಆಮೇಲೆ ಮುಜುಗರವಾಗಿತ್ತು. ಮೈದುನನ ಬಾಯಿ ಮುಚ್ಚಿಸುವ ಹಟವೇ? ಆ ಹಟವನ್ನು ದಿನಾ ಹೊತ್ತು ತಿರುಗುವುದು ಯಾಕೆ? ಮನಸ್ಸಿನಲ್ಲಿ ಉಳಿದದ್ದು ಗುರುವಾರದ ಬೆಳಗು ಒಂದೇ. ಖಾಲಿ ರಸ್ತೆ, ತನ್ನ ಕೈಯಲ್ಲಿ ಸ್ಟೇರಿಂಗ್, ತನಗೆ ಬೇಕಾದ ಕಡೆ ತಿರುವು. ಅಂಥ ಬೆಳಗು ತನಗೆ ಬೇಕು, ಅದನ್ನು ಇನ್ನು ಮೇಲೆ ಬಿಡುವುದಿಲ್ಲ. ಆದರೆ ಅದಕ್ಕೆ ಆ ಕಾರೇ ಆಗಬೇಕೆಂದಿಲ್ಲ. ಉಳಿದೆಲ್ಲ ಬೆಳಗುಗಳಿಗೆ ಬೇಕಾದದ್ದು ಅತ್ತೆ ತಾನೇ ಬಾಗಿಲು ತೆಗೆದು ಹತ್ತಿ ಕೂರಬಹುದಾದ ಒಂದು ಸೀಟು.

ಭಾನುವಾರ ಅತ್ತೆಯನ್ನು ಆಟೋದಲ್ಲಿ ಕೂಡಿಸಿಕೊಂಡು ಶೋರೂಮಿಗೆ ಹೋದಳು. ಸೇಲ್ಸ್‌ಮನ್ ಹಳದಿ ಕಾರಿನ ಕಡೆ ಕೈ ಮಾಡಿದ. ಇಂದುಮತಿ ಬೇರೆ ಕಾರುಗಳ ಬಾಗಿಲು ತೆಗೆಸಿದಳು. ನೀಲಗಂಗವ್ವ ಒಂದೊಂದರಲ್ಲೂ ಹತ್ತಿ ಕೂತಳು, ಇಳಿದಳು, ಮೂಗು ಮುರಿದಳು. ಸೇಲ್ಸ್‌ಮನ್ನನಿಗೆ ಬೆವರು ಬಂತು. ಕಡೆಗೆ ಒಂದು ಎತ್ತರದ ಕಾರಿಗೆ ಯಾರ ಕೈಯನ್ನೂ ಹಿಡಿಯದೆ ಹತ್ತಿ, ಸೆರಗು ಸರಿಮಾಡಿಕೊಂಡು, "ಇದು ಕುರ್ಚಿಮ್ಯಾಲ ಕುಂತಂಗೈತಿ," ಅಂದಳು. ಇಂದುಮತಿ ಅದನ್ನು ತಾನೂ ಓಡಿಸಿ ನೋಡಿದಳು. ಕೈಗೆ ಒಗ್ಗಿತು. ಅದನ್ನೇ ಬುಕ್ ಮಾಡಿದಳು.

ಊರಿಂದ ಬಂದ ಅಭಿನಂದನನಿಗೆ ಕೀಲಿ ಮರಳಿಸಿದಾಗ ಅವನು, "ಯಾಕ್ರಿ ಅಕ್ಕಾರ, ಕಾರು ಚೊಲೊ ಇರಲಿಲ್ಲೇನ್ರಿ?" ಎಂದು ಕೇಳಿದ.

"ಭಾಳ ಚೊಲೊ ಐತಪ್ಪ. ನನ್ನ ದಿನಕ್ಕ ಹೊಂದೂದಿಲ್ಲ, ಅಷ್ಟ," ಅಂದಳು ಇಂದುಮತಿ.

ಮೈದುನ ತನ್ನ ಮಾತಿಗೆ ಹೆದರಿ ವೈನಿ ಸುಮ್ಮನಾದಳೆಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ. ಅವಳು ಅದನ್ನು ತಿದ್ದಲು ಹೋಗಲಿಲ್ಲ.

ಹೊಸ ಕಾರು ಬಂತು. ನೀಲಗಂಗವ್ವ ಮತ್ತೆ ನವನಗರಕ್ಕೆ ಹೋಗತೊಡಗಿದಳು. ಭಾನುವಾರ ಬೆಳಿಗ್ಗೆ ಇಂದುಮತಿ ಒಬ್ಬಳೇ ಕಾರು ತೆಗೆದುಕೊಂಡು, ಒಮ್ಮೆ ಹಳಿಯಾಳದ ಕಡೆ, ಒಮ್ಮೆ ಕಲಘಟಗಿಯ ಕಡೆ, ಮನಸ್ಸು ಬಂದಷ್ಟು ದೂರ ಹೋಗಿ ಬರುತ್ತಿದ್ದಳು. ಎಲ್ಲಿಗೆ ಎಂದು ಮನೆಯಲ್ಲಿ ಕೇಳುವವರಿರಲಿಲ್ಲ.

ಒಂದು ಭಾನುವಾರ ಅವಳು ಹೊರಡುವಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರಲೇನು? ಸುಮ್ನ ಕುಂತಿರತೀನಿ. ಮಾತಾಡೂದಿಲ್ಲ."

"ಬರ್ರಿ," ಎಂದು ಇಂದುಮತಿ ನಕ್ಕಳು.

ಊರು ದಾಟಿತು. ಹೇಳಿದ ಹಾಗೆ ಮುದುಕಿ ತುಟಿ ಬಿಚ್ಚಲಿಲ್ಲ. ಗಾಜು ಇಳಿಸಿಕೊಂಡು ಗಾಳಿಗೆ ಮುಖ ಒಡ್ಡಿ ಕೂತಿದ್ದಳು. ಖಾಲಿ ರಸ್ತೆ ನೆಟ್ಟಗೆ ಎದುರಿಗೆ ಬಂದಾಗ ಮಾತ್ರ ತಡೆಯಲಾಗಲಿಲ್ಲ.

"ಇಂದೂ, ಎಷ್ಟ ಸಾವಕಾಶ ಹೊಂಟೀ? ಸ್ವಲ್ಪ ಜೋರ ಹೊಡಿ!"

ನೀತಿ: ನಮಗಾಗಿ ಒಂದು ಆಸೆ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ದಿನದಿನದ ಬಳಕೆಗೆ ಒಂದು ವಸ್ತುವನ್ನು ಆರಿಸುವಾಗ, ಅದು ನಮ್ಮ ದಿನಕ್ಕೆ ಹೊಂದುತ್ತದೆಯೇ, ನಮ್ಮ ಜೊತೆ ಬದುಕುವವರಿಗೆ ಅದರಲ್ಲಿ ಜಾಗವಿದೆಯೇ ಎಂದು ನೋಡಬೇಕು. ಮಂದಿಯ ಮೆಚ್ಚುಗೆಗೆ ಕೊಳ್ಳುವುದೂ ಬೇಡ, ಮಂದಿಯ ನಗೆಗೆ ಹೆದರಿ ಬಿಡುವುದೂ ಬೇಡ. ನಮ್ಮ ಸಂತೋಷಕ್ಕಾಗಿ ಪಕ್ಕದವರು ಬಾಯಿ ಬಿಡದೆ ನುಂಗಿಕೊಂಡದ್ದನ್ನು ಕೇಳಿ ತಿಳಿದುಕೊಂಡ ಮೇಲೆ ಮಾಡಿದ ತೀರ್ಮಾನವೇ ಸರಿಯಾದ ತೀರ್ಮಾನ.