ತಿಮಿಂಗಿಲದ ಹಾಜರಿ

ನಿವೃತ್ತ ಹೆಡ್‌ಮಾಸ್ತರ್ ದೇವಿದಾಸ ಶಾನಭಾಗರಿಗೆ ಜೀವಿಗಳನ್ನು ಗಮನಿಸುವ ಹುಚ್ಚು. ದೋಣಿಯಲ್ಲಿ ಕೂತು ಸಮುದ್ರದ ಹಾಜರಿ ಕೂಗುತ್ತಿದ್ದರು. ಅವರ ಪುಸ್ತಕದಲ್ಲಿ ತಿಮಿಂಗಿಲಕ್ಕೆ ಮೂರು ವರ್ಷದಿಂದ ಬರೀ ಗೈರು.

ಈ ಸುದ್ದಿಯನ್ನು ಕಡಲಕಾಗೆ ಮುಟ್ಟಿಸಿದಾಗ ತಿಮಿಂಗಿಲಕ್ಕೆ ಅವಮಾನವಾಯಿತು. ದೋಣಿಯ ಪಕ್ಕದಲ್ಲೇ ಎದ್ದು, "ಬಂದಿದ್ದೇನೆ ಸರ್," ಎಂದಿತು.

"ಅಕ್ಷರಮಾಲೆ ಪ್ರಕಾರ ಕರೆಯುತ್ತೇನೆ," ಎಂದರು ಮಾಸ್ತರರು, ತಲೆ ಎತ್ತದೆ. "ಈಗ ಏಡಿ. 'ತ' ಬರುವವರೆಗೆ ಸುಮ್ಮನಿರು."

"ಉಸಿರು ಬಿಡಬಹುದೇ ಸರ್?"

"ಹಾಜರಿ ಮುಗಿದ ಮೇಲೆ."

ತಿಮಿಂಗಿಲ ಉಸಿರು ಬಿಗಿಹಿಡಿಯಿತು. ಮಾಸ್ತರರು ಕಡಲಾಮೆ ದಾಟಿದರು, ಚಿಪ್ಪುಮೀನು ದಾಟಿದರು. "ಡಾಲ್ಫಿನ್!" ಎನ್ನುವಷ್ಟರಲ್ಲಿ ತಿಮಿಂಗಿಲಕ್ಕೆ ತಡೆಯಲಾಗಲಿಲ್ಲ. ಕಾರಂಜಿ ಚಿಮ್ಮಿ ಮಾಸ್ತರರು, ಪುಸ್ತಕ, ಬುತ್ತಿ ಎಲ್ಲ ತೊಯ್ದುಹೋದವು. ನಾಚಿಕೆಯಿಂದ ಅದು ಮುಳುಗಿಬಿಟ್ಟಿತು.

ಮಾಸ್ತರರು ಕನ್ನಡಕ ಒರೆಸಿಕೊಂಡು ಕೂಗಿದರು: "ತಿಮಿಂಗಿಲ!"

ನೀರಿನ ಮೇಲೆ ಬರೀ ಗುಳ್ಳೆಗಳು ಎದ್ದವು.

"ಈಗಷ್ಟೇ ನಿಮ್ಮ ಜೊತೆ ಮಾತಾಡಿತಲ್ಲ ಸ್ವಾಮಿ!" ಎಂದಿತು ಕಡಲಕಾಗೆ.

"ಕರೆದಾಗ ಇರಬೇಕು," ಎಂದು ಮಾಸ್ತರರು ಒದ್ದೆ ಹಾಳೆಯ ಮೇಲೆ ಪೆನ್ಸಿಲಿನಿಂದ ದುಂಡಗೆ ಬರೆದರು: "ತಿಮಿಂಗಿಲ, ಗೈರು. ಷರಾ: ಹನ್ನೊಂದು ಗಂಟೆಗೆ ಮೀನು ವಾಸನೆಯ ಜೋರು ಮಳೆ."