ಕೊಂಬು ಕಟ್ಟಿಸಿಕೊಂಡ ಜಿಂಕೆ

"ಉಸ್ತಾದ್ರೇ, ಇಷ್ಟು ದೊಡ್ಡ ಜಿಂಕೆ ಹೆಂಗೆ ನಿರ್ವಂಶ ಆಯ್ತು?"

ಕೇಳಿದವನು ನನ್ನ ಶಿಷ್ಯ ಬೆಟ್ಟನಾಯ್ಕ. ಗರಡಿ ಕಟ್ಟೆ ಮೇಲೆ ಕಾಲು ಚಾಚಿ ಕೂತಿದ್ದ. ಕೈಯಲ್ಲಿ ಮೊಬೈಲು. ಅದರೊಳಗೆ ಒಂದು ಆಟ. ಭೂಮಿ ಮೇಲೆ ಈಗ ಇಲ್ಲದ ಪ್ರಾಣಿಗಳನ್ನ ತಂದು ಮೃಗಾಲಯ ಕಟ್ಟೋದು, ಬೇಲಿ ಹಾಕೋದು, ಮೇವು ಹಾಕೋದು. ಆವತ್ತು ಅವನ ಬೇಲಿಯೊಳಕ್ಕೆ ಒಂದು ಜಿಂಕೆ ಬಂದಿತ್ತು. ಭುಜವೇ ಆಳೆತ್ತರ. ಕೊಂಬು ಈ ತುದಿಯಿಂದ ಆ ತುದಿಗೆ ಎರಡಾಳುದ್ದ.

ಬೆಟ್ಟ ಹೋದ ವರ್ಷದ ಕುಸ್ತೀಲಿ ಗೆದ್ದು ಬೆಳ್ಳಿ ಕಡಗ ಹಾಕಿಸಿಕೊಂಡು ಬಂದವನು. ನಮ್ಮ ಗರಡೀಲಿ ಒಂದು ಕಟ್ಟಳೆ ಇದೆ. ಮಟ್ಟಿಗೆ, ಅಂದ್ರೆ ಕುಸ್ತಿ ಆಡೋ ಕೆಮ್ಮಣ್ಣಿಗೆ, ಇಳಿಯೋನು ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿ ಹನುಮಪ್ಪನ ಮುಂದೆ ಇಡಬೇಕು. ಎದುರಾಳಿಗೆ ಗೀರಬಾರದು ನೋಡಿ. ಕಡಗ ಬಂದ ದಿನದಿಂದ ಬೆಟ್ಟ ಅದನ್ನ ಬಿಚ್ಚಿಲ್ಲ. ಬಿಚ್ಚಿಲ್ಲ ಅಂದಮೇಲೆ ಮಟ್ಟಿಗೂ ಇಳಿದಿಲ್ಲ. ಸ್ನಾನ ಕಡಗದ ಜೊತೆ, ನಿದ್ದೆ ಕಡಗದ ಜೊತೆ. ಈ ವರ್ಷ ಸೋತ್ರೆ ಅದರ ಮರ್ಯಾದೆ ಏನಾಗುತ್ತೋ ಅಂತ ಒಳಗೇ ಅಳುಕು. ಮಾರನೇ ದಿನ ಜೋಡಿ ಕಟ್ಟೋದಿತ್ತು. ಯಾರ ಎದುರು ಯಾರು ಅಂತ ಊರಿನ ಗರಡಿಗಳೆಲ್ಲ ಸೇರಿ ಗೊತ್ತು ಮಾಡೋ ದಿನ. ಅಲ್ಲಿ ಮುಂದೆ ಬಂದು ನಿಲ್ಲದವನಿಗೆ ಆ ವರ್ಷ ಕುಸ್ತಿ ಇಲ್ಲ. ನಿಲ್ತೀಯೇನೋ ಅಂತ ಕೇಳಿದ್ರೆ, "ನೋಡೋಣ ಉಸ್ತಾದ್ರೇ" ಅಂದು ಜಿಂಕೆ ವಿಷಯ ತೆಗೆದಿದ್ದ.

"ಜಿಂಕೆ ಕತೆ ನನಗೆ ಗೊತ್ತು," ಅಂದೆ. "ಈ ಸಲ ಒಂದಕ್ಷರ ಸುಳ್ಳಿಲ್ಲ. ಮಟ್ಟಿ ಮಣ್ಣಿನಾಣೆ."

"ಮೊಸಳೆಗೆ ಪಟ್ಟು ಹಾಕಿ ಚಿತ್ ಮಾಡಿದ ಕತೆಗೂ ಮಣ್ಣಿನಾಣೆನೇ ಇಟ್ಟಿದ್ರಿ."

"ಆ ಮಣ್ಣು ತೆಗೆಸಿ ಹೊಸದು ತುಂಬಿಸಿದ್ದೀವಲ್ಲೋ. ಸುಮ್ನೆ ಕೇಳು."

ಒಂದು ಕಾಡು. ಕಾಡಲ್ಲಿ ಒಂದು ಜಿಂಕೆ. ಅದರ ಎಡಗೊಂಬಿನ ಮೇಲೆ ಕೂತ ಕಾಗೆಗೆ ಬಲಗೊಂಬಿನ ಕಾಗೆ ಯಾರು ಅಂತ ಗೊತ್ತಿರಲಿಲ್ಲ. ಒಂದ್ಸಲ ಎರಡು ಕಡೆಯವರೂ ಸಂಬಂಧ ಬೆಳೆಸೋಣ ಅಂತ ನೋಡಿದ್ರು. ಹೆಣ್ಣು ಕೊಡೋಕೆ ತುಂಬಾ ದೂರ ಆಯ್ತು ಅಂತ ಕೈಬಿಟ್ರು.

ಆ ಜಿಂಕೆ ಎದುರು ಬಂದ ಗಂಡು ಜಿಂಕೆಗಳನ್ನೆಲ್ಲ ಸೋಲಿಸ್ತು. ಕಾಡೆಲ್ಲ ದಾರಿ ಬಿಡ್ತು. ಹುಲಿನೂ "ದೊಡ್ಡೋರು ಮೊದಲು ನೀರು ಕುಡೀಲಿ" ಅಂತ ಪಕ್ಕಕ್ಕೆ ನಿಲ್ತಿತ್ತು.

ಕಾಲ ತಿರುಗಿತು. ಕೊಂಬಿನ ಬುಡ ಸಡಿಲ ಆಯ್ತು. ಜಿಂಕೆಗೆ ಯೋಚನೆ ಹತ್ತಿತು. ಇದು ಬಿದ್ರೆ ನನ್ನನ್ನ ಯಾರು ಗುರುತು ಹಿಡೀತಾರೆ? ಇನ್ನೊಂದು ಬರುತ್ತೋ ಇಲ್ಲವೋ? ಬಂದ್ರೂ ಚಿಕ್ಕದು ಬಂದ್ರೆ? ಯೋಚನೆ ಮಾಡಿ ಮಾಡಿ ಒಬ್ಬ ಹಗ್ಗ ಹೊಸೆಯೋನ ಹತ್ತಿರ ಹೋಯ್ತು.

"ಅಣ್ಣಾ, ಇದು ಬೀಳದ ಹಂಗೆ ಕಟ್ಟಿಬಿಡು."

"ಕಟ್ಟಿದ್ರೆ ಕತ್ತು ಬಗ್ಗಲ್ವಲ್ಲಪ್ಪಾ. ಹುಲ್ಲು ಹೆಂಗೆ ತಿಂತೀಯ?"

"ಹುಲ್ಲಿನ ವಿಷಯ ಆಮೇಲೆ. ಮೊದಲು ಬಿಗಿ."

"ತಡೀರಿ ತಡೀರಿ," ಅಂದ ಬೆಟ್ಟ. "ಜಿಂಕೆ ಕನ್ನಡ ಮಾತಾಡ್ತಿತ್ತಾ?"

"ಮತ್ತೆ? ನಮ್ಮ ಕಡೆ ಜಿಂಕೆ!"

ಹಗ್ಗದವನು ಕಟ್ಟಿದ. ಗದ್ದದ ಕೆಳಗೆ ಒಂದು ಸುತ್ತು, ಕುತ್ತಿಗೆಗೆ ಒಂದು ಸುತ್ತು, ಗಂಟಿನ ಮೇಲೆ ಗಂಟು. ಮರದ ನಡುವೆ ಹೋದ್ರೆ ಹಗ್ಗ ಸಿಕ್ಕಿಕೊಂಡೀತು ಅಂತ ಜಿಂಕೆ ಬಯಲಲ್ಲೇ ನಿಂತಿತು. ಹೊಸ ಗಂಡು ಜಿಂಕೆ ಒಂದು ಬಂದು ಕಾಲು ಕೆರೆದು ಕಾಳಗಕ್ಕೆ ಕರೀತು. "ಇವತ್ತು ಬೇಡ" ಅಂತು ನಮ್ಮ ಜಿಂಕೆ. ಮಾರನೇ ದಿನವೂ ಬಂತು. "ನೋಡೋಣ" ಅಂತು.

ಬೆಟ್ಟ ಮೊಬೈಲು ಕೆಳಗಿಟ್ಟ.

ಬಯಲಲ್ಲಿ ನಿಂತ ಜಿಂಕೆ ನೋಡೋಕೆ ಜನ ಬಂದ್ರು. ಕಡಲೆಪುರಿ ಅಂಗಡಿನೂ ಬಂತು. ನಾನೂ ನಮ್ಮಜ್ಜನ ಹೆಗಲ ಮೇಲೆ ಕೂತು ಹೋಗಿದ್ದೆ. ಆ ಹಗ್ಗದ ಒಂದು ತುಂಡು ಇವತ್ತಿಗೂ ನಮ್ಮ ಮನೆ ಬಾವಿ ರಾಟೆಗಿದೆ. ಎಲ್ಲರೂ "ಆಹಾ, ಏನು ಗಾಂಭೀರ್ಯ! ಕತ್ತು ಬಗ್ಗಿಸಲ್ಲ ನೋಡು" ಅಂದ್ರು. ಅದು ಹಸಿದು, ನಿಂತಲ್ಲೇ ಸತ್ತಿತ್ತು. ಕಾಗೆಗಳಿಗೆ ಮಾತ್ರ ಗೊತ್ತಾಗಿತ್ತು. ಎಡಗಡೆಯವಕ್ಕೆ ಮೊದಲು. ಬಲಗಡೆಗೆ ಸುದ್ದಿ ಮುಟ್ಟೋಕೆ ಸಂಜೆ ಆಯ್ತು. ಜನ ಹೊಗಳೋದನ್ನ ನೋಡಿ ಮಿಕ್ಕ ಗಂಡು ಜಿಂಕೆಗಳಿಗೂ ಆಸೆ ಹುಟ್ಟಿತು. ಹಗ್ಗದವನ ಮನೆ ಮುಂದೆ ಸಾಲು ನಿಂತವು. ಹಿಂಗೆ ಆ ಕುಲ ನಿರ್ವಂಶ ಆಯ್ತು.

ಬೆಟ್ಟ ಬಿದ್ದು ಬಿದ್ದು ನಕ್ಕ. ನಗ್ತಾ ಕೈ ಬಡಿದ. ಕಡಗ ಕಟ್ಟೆ ಕಲ್ಲಿಗೆ ತಾಗಿ ಠಣ್ ಅಂತು.

"ಸಿಕ್ಕಿಬಿದ್ರಿ ಉಸ್ತಾದ್ರೇ! ಕಾಗೇನ ಒಪ್ಪಿಕೊಂಡೆ, ಹುಲೀನ ಒಪ್ಪಿಕೊಂಡೆ, ಕನ್ನಡಾನೂ ಒಪ್ಪಿಕೊಂಡೆ. ಇದನ್ನ ಒಪ್ಪಲ್ಲ. ಜಿಂಕೆ ವರ್ಷಾವರ್ಷ ಕೊಂಬು ಉದುರಿಸುತ್ತೆ. ಮೊನ್ನೆ ನನ್ನ ಆಟದಲ್ಲೇ ಉದುರಿಸ್ತು. ಹಳೇದು ಬಿದ್ರೇನೇ ಹೊಸದು ಬರೋದು, ಅದೂ ಮೊದಲಿಗಿಂತ ದೊಡ್ಡದು. ಇದು ಎಳೇ ಜಿಂಕೆಗೂ ಗೊತ್ತು. ಗೆದ್ದ ಕೊಂಬನ್ನ ಬಿಡದೆ ಬಿಗಿದುಕೊಂಡು ಕೂತಿರೋ ದಡ್ಡ ಜಿಂಕೆ ಯಾವ ಕಾಡಲ್ಲಿದೆ? ತೋರಿಸಿ ನೋಡೋಣ!"

"ಕಾಡಲ್ಲಿಲ್ಲ ಮಗಾ," ಅಂದೆ, "ಗರಡಿ ಕಟ್ಟೆ ಮೇಲೆ ಕೂತಿದೆ."