ದಿಡ್ಡಿ ಬಾಗಿಲು ಮತ್ತು ಅರ್ಧ ಬಿಲ್ಲೆ

"ಗುರುಗಳೇ, ಬೆಳಗಿನಿಂದ ತೆರೆಯದ ಬಾಗಿಲು, ತಪಾಸಣೆ ಬೇಡ ಎಂದ ಕೂಡಲೇ ತೆರೆಯಿತು. ಇದೇಕೆ?" ಎಂದು ಈರಭದ್ರ ಕೇಳಿದ.

ಅವನು ಬೀಜದ ಕಂಪನಿಯೊಂದಕ್ಕೆ ಮನೆಯಿಂದ ಕೆಲಸ ಮಾಡುತ್ತಿದ್ದ. ಹೊಸ ತಳಿಯ ಗುಟ್ಟು ಬರೆದ ಕಡತವನ್ನು ಸಂಜೆಯೊಳಗೆ ವಿಪಿಎನ್ ಎಂಬ ಗುಪ್ತ ಜಾಲದ ದಾರಿಯಿಂದ ಕಚೇರಿಗೆ ಮುಟ್ಟಿಸಬೇಕಿತ್ತು. ಅವನದು ಲಿನಕ್ಸ್ ಯಂತ್ರ. ಅದು ನಮಗೆ ಗೊತ್ತಿಲ್ಲ, ನೀನುಂಟು ಅದುಂಟು ಎಂದು ಕಚೇರಿಯವರು ಮೂರು ಕಡತ ಕಳಿಸಿ ಕೈತೊಳೆದುಕೊಂಡಿದ್ದರು. ಒಂದು ಅವನ ಪ್ರಮಾಣಪತ್ರ, ಒಂದು ಅದರ ಕೀಲಿ, ಇನ್ನೊಂದು ಕಚೇರಿಯ ಗುರುತುಪತ್ರ. ಮೊದಲೆರಡನ್ನು ಹಾಕಿದ. ಮೂರನೆಯದು ಯಾತಕ್ಕೆಂದು ತಿಳಿಯದೆ ಬಿಟ್ಟ.

ಪ್ರತಿ ಸಲವೂ ಯಂತ್ರ 'ನಂಬಲಾಗದು' ಎಂದಿತು. ತನ್ನನ್ನೇ ನಂಬುತ್ತಿಲ್ಲವೆಂದು ಅವನು ತಿಳಿದ. ಪ್ರಮಾಣಪತ್ರವನ್ನು ಎರಡು ಸಲ ಹೊಸದಾಗಿ ಬೇಡಿ ತರಿಸಿಕೊಂಡ. ಆಗಲೂ ಅದೇ ಮಾತು. ಕಡೆಗೆ, ತಪಾಸಣೆ ಬೇಡ ಎಂದು ಯಂತ್ರಕ್ಕೆ ಹೇಳುವ ಒಂದು ಸಾಲನ್ನು ಅಂತರಜಾಲದಿಂದ ಹೆಕ್ಕಿ ಸೇರಿಸಿದ. ಬಾಗಿಲು ತೆರೆಯಿತು. ಆದರೆ ಕಡತ ಕಳಿಸಲು ಯಾಕೋ ಕೈ ಬರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ವರ್ತಕ ರಾಜನಿಗೆ ರತ್ನವೊಂದನ್ನು ಒಯ್ಯಬೇಕಿತ್ತು. ಅದು ಬೇರೆಯವರ ಕೈ ಸೇರಿದರೆ ಅವನ ತಲೆ ಉಳಿಯುತ್ತಿರಲಿಲ್ಲ. ಕೋಟೆಯ ದಿಡ್ಡಿ ಬಾಗಿಲಿಗೆ ಬಾ ಎಂದು ಅರಮನೆಯವರು ಮುದ್ರೆಯುಂಗುರ ಕೊಟ್ಟರು. ಜೊತೆಗೆ ಮುರಿದ ಬಿಲ್ಲೆಯ ಅರ್ಧ ಕೊಟ್ಟರು. ಉಳಿದರ್ಧ ಬಾಗಿಲು ಕಾಯುವವನ ಹತ್ತಿರ ಇತ್ತು. ವರ್ತಕ ಉಂಗುರವನ್ನು ಬೆರಳಿಗೆ ಹಾಕಿದ. ಒಡಕು ಬಿಲ್ಲೆ ಯಾತಕ್ಕೆಂದು ಮನೆಯಲ್ಲೇ ಬಿಟ್ಟ.

ಕೋಟೆಗೋಡೆಗೆ ಒತ್ತಿಕೊಂಡು ಹತ್ತಾರು ಮನೆ. ಎಲ್ಲಕ್ಕೂ ಅಂಥದೇ ಬಾಗಿಲು. ವರ್ತಕ ಒಂದರ ಮುಂದೆ ನಿಂತ. ರತ್ನದ ಗಂಟು ಹೊತ್ತು ಜೊತೆಗೆ ಬಂದಿದ್ದ ಆಳು ಅದನ್ನು ಇಳಿಸಲಿಲ್ಲ.

"ಧಣಿ, ಬಿಲ್ಲೆ ಕೊಡಿ. ಅವರ ಅರ್ಧಕ್ಕೆ ಕೂಡಿಸಿ ನೋಡುತ್ತೇನೆ."

"ಉಂಗುರ ನನ್ನ ಕೈಯಲ್ಲಿದೆ. ಪರೀಕ್ಷೆ ನನಗೆ, ಬಾಗಿಲಿಗಲ್ಲ. ನಿನ್ನದೇನು ನಡುವೆ ದೊಡ್ಡಸ್ತಿಕೆ? ಬಾಯಿ ಮುಚ್ಚು."

ಆಳು ಬಾಯಿ ಮುಚ್ಚಿ ಗಂಟು ಇಳಿಸಿದ. ಬಾಗಿಲು ತೆರೆಯಿತು. ಒಳಗಿದ್ದವನು ನಗುತ್ತ ಕೈ ಚಾಚಿದ. ವರ್ತಕ ರತ್ನ ತೆಗೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಈರಭದ್ರನಿಗೆ ಗೊಂದಲ ಇನ್ನೂ ಹೆಚ್ಚಿತು. ಅವನು ಕೇಳಿದ:

"ಅದು ಅರಮನೆಯ ಬಾಗಿಲೇ ಆಗಿತ್ತೇ, ಗುರುಗಳೇ?"

"ಹೇಳಬಲ್ಲವನ ಬಾಯಿಯನ್ನು ನೀನೇ ಮುಚ್ಚಿಸಿದೆಯಲ್ಲ."

ಈರಭದ್ರ ಎದ್ದು ಹೋಗಿ ಸಂಪರ್ಕ ಕಡಿದು, ಬಿಟ್ಟಿದ್ದ ಮೂರನೆಯ ಕಡತವನ್ನು ಕೈಗೆತ್ತಿಕೊಂಡ.